ಐಸ್ ಚೀಲ ಆಮೇಲೆ, ಮೊದಲು ಎಂಜಿನ್ ಆಫ್ ಮಾಡಿ

ಟರ್ಬೊ ಮಾತು | ಕಂತು 9

1/4
ಡ್ರ್ಯಾಗ್ ಮೀಟ್‌ನ ಸಾಲಲ್ಲಿ ಈ ದೃಶ್ಯ ನೀವೂ ನೋಡಿರ್ತೀರಿ. ಬಾನೆಟ್ ಎತ್ತಿ ಇಂಟರ್‌ಕೂಲರ್ ಮೇಲೆ ಐಸ್ ಚೀಲ ಇಟ್ಟಿರ್ತಾರೆ. ಎಂಜಿನ್ ಮಾತ್ರ ಓಡ್ತಾನೇ ಇರುತ್ತೆ, ಒಳಗೆ ಏಸಿ ಬೇರೆ. ಒಂದು ಕೈಯಲ್ಲಿ ಒಲೆಗೆ ಸೌದೆ ತುರುಕ್ತಾ, ಇನ್ನೊಂದು ಕೈಯಲ್ಲಿ ಪಾತ್ರೆಗೆ ತಣ್ಣೀರು ಚಿಮುಕಿಸಿದ ಹಾಗೆ!

ಐಸ್ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ನಮ್ಮಲ್ಲಿ ಅದು ಮೊದಲ ಮದ್ದು ಆಗಿಬಿಟ್ಟಿದೆ. ಅದು ಕೊನೆಯ ಮದ್ದು ಆಗಬೇಕು. ಮತ್ತೆ ಅದರ ನೀರು ಸ್ಟ್ರಿಪ್ ಮೇಲೆ ಒಂದು ಹನಿಯೂ ಬೀಳಬಾರದು.

2/4
ಮೊದಲು ಲೆಕ್ಕ ನೋಡೋಣ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದೆ, ನಿಮ್ಮ ಟರ್ಬೊ 1 ಬಾರ್ ಬೂಸ್ಟ್ ಕೊಡ್ತಿದೆ ಅಂದ್ಕೊಳ್ಳಿ. ಕಂಪ್ರೆಸರ್ ದಕ್ಷತೆ ಶೇ 70 ಇದ್ರೆ, ಅದರಿಂದ ಹೊರಬರೋ ಗಾಳಿ ಸುಮಾರು 130 ಡಿಗ್ರಿ ಇರುತ್ತೆ. ಅಷ್ಟು ಬಿಸಿ ಗಾಳಿ ಸಿಲಿಂಡರ್‌ಗೆ ಹೋದ್ರೆ ನಾಕಿಂಗ್ ಶುರು. ಇಸಿಯು ಎಂಜಿನ್ ಉಳಿಸೋಕೆ ಇಗ್ನಿಷನ್ ಟೈಮಿಂಗ್ ಹಿಂದೆ ತಳ್ಳುತ್ತೆ, ಪವರ್ ಬೀಳುತ್ತೆ. ಅದೇ ಬೂಸ್ಟ್‌ನಲ್ಲಿ ಗಾಳಿ 50ರಿಂದ 40 ಡಿಗ್ರಿಗೆ ಇಳಿದ್ರೆ ಸಾಂದ್ರತೆ ಸುಮಾರು ಶೇ 3 ಹೆಚ್ಚುತ್ತೆ. ಟ್ಯೂನ್ ಮುಟ್ಟದೇ ಸಿಗೋ ಲಾಭ ಇದು.

ಡ್ರ್ಯಾಗ್ ರನ್ ಮುಗಿಯೋದು ಹದಿಮೂರು ಹದಿನಾಲ್ಕು ಸೆಕೆಂಡಲ್ಲಿ. ಲಾಂಚ್ ಹೊತ್ತಿಗೆ ಗ್ರಿಲ್‌ನಿಂದ ಗಾಳಿ ಬರೋದೇ ಇಲ್ಲ. ಹಾಗಾಗಿ ಇಂಟರ್‌ಕೂಲರ್ ಅಲ್ಲಿ ಹೆಚ್ಚಾಗಿ ಶಾಖ ಹೀರಿಕೊಳ್ಳೋ ಲೋಹದ ಗಟ್ಟಿ ಅಷ್ಟೇ. 250 ಅಶ್ವಶಕ್ತಿ ಆಸುಪಾಸಿನ ಕಾರಿಗೆ ಅಂದಾಜು ಹಾಕಿದ್ರೆ ಒಂದು ರನ್‌ನಲ್ಲಿ ಸುಮಾರು 225 ಕಿಲೋಜೂಲ್ ಶಾಖ ತೆಗೀಬೇಕು. 6 ಕಿಲೋ ಅಲ್ಯೂಮಿನಿಯಂ ಕೋರ್ ಒಂದೇ ಅಷ್ಟನ್ನೂ ಹೀರಿದ್ರೆ 40 ಡಿಗ್ರಿ ಬಿಸಿ ಆಗುತ್ತೆ. ಸಾಲಲ್ಲಿ ನಿಂತಾಗಲೇ ಅದು 65 ಡಿಗ್ರಿ ಇದ್ರೆ ಫಿನಿಷ್ ಲೈನ್ ಹೊತ್ತಿಗೆ ಏನಾಗಿರುತ್ತೆ, ನೀವೇ ಯೋಚಿಸಿ. ಎಷ್ಟೋ ರೇಸು ಲೈಟ್ ಹಸಿರಾಗೋ ಮುಂಚೆ, ಸಾಲಲ್ಲೇ ಸೋತಾಗಿರುತ್ತೆ.

3/4
ಹಾಗಾದ್ರೆ ಏನು ಮಾಡಬೇಕು? ನನ್ನ ಕ್ರಮ ಇದು, ಅಗ್ಗದ್ದು ಮೊದಲು.

▪️ ರನ್ ಮುಗಿದ ಮೇಲೆ ವಾಪಸ್ ಬರೋ ದಾರಿಯಲ್ಲಿ ಬೂಸ್ಟ್ ಏರದ ಹಾಗೆ ನಿಧಾನಕ್ಕೆ ಬನ್ನಿ. ಟರ್ಬೊಗೂ ಅದು ಬೇಕು, ಇಂಟರ್‌ಕೂಲರ್‌ಗೂ ಪುಕ್ಕಟೆ ಗಾಳಿ ಸಿಗುತ್ತೆ.

▪️ ಸಾಲಿಗೆ ಬಂದ ತಕ್ಷಣ ಎಂಜಿನ್ ಆಫ್. ಕಾರು ಮುಂದೆ ಹೋಗಬೇಕಾದ್ರೆ ಸ್ನೇಹಿತರ ಹತ್ರ ತಳ್ಳಿಸಿ. ನಾಚಿಕೆ ಯಾಕೆ? ಸುಬಾರು ಥರ ಇಂಟರ್‌ಕೂಲರ್ ಎಂಜಿನ್ ಮೇಲೇ ಕೂತಿರೋ ಕಾರಾದ್ರೆ ಇದು ಕಡ್ಡಾಯ. ಕೆಳಗಿನ ಬಿಸಿಯೆಲ್ಲ ಅದಕ್ಕೇ ತಾನೇ ಬಡಿಯೋದು.

▪️ ಬಾನೆಟ್ ಎತ್ತಿ, ಒಂದು ಟೇಬಲ್ ಫ್ಯಾನ್ ಅಥವಾ ಬ್ಲೋವರ್ ಕೋರ್‌ಗೆ ನೇರ ಇಡಿ. ಜೊತೆಗೆ ಗಿಡಕ್ಕೆ ಔಷಧಿ ಹೊಡೆಯೋ ಸ್ಪ್ರೇ ಬಾಟಲಿಯಲ್ಲಿ ಸಣ್ಣಗೆ ನೀರಿನ ಮಂಜು. ಮಣ್ಣಿನ ಮಡಕೆ ನೀರು ತಣ್ಣಗಾಗೋದು ಹೇಗೆ? ಅದೇ ವಿದ್ಯೆ. 1 ಕಿಲೋ ಐಸ್ ಕರಗೋಕೆ ಹೀರೋ ಶಾಖ 334 ಕಿಲೋಜೂಲ್. 1 ಲೀಟರ್ ನೀರು ಆವಿಯಾಗೋಕೆ ಸುಮಾರು 2,400. ಏಳು ಪಟ್ಟು! ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತೆ, ಚೆನ್ನೈ ಕಡೆಯ ಸೆಕೆಯಲ್ಲಿ ಸ್ವಲ್ಪ ನಿಧಾನ. ಆದ್ರೂ ಕೋರ್ ಬಿಸಿ ಇರೋವರೆಗೆ ಕೆಲಸ ಮಾಡುತ್ತೆ. ನೀರು ಟರ್ಬೊ, ಎಗ್ಸಾಸ್ಟ್ ಮೇಲೆ ಬೀಳಬಾರದು, ಕಾದ ಎರಕದ ಕಬ್ಬಿಣ ಬಿರುಕು ಬಿಡಬಹುದು. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ರೂ ತಿರುಗಬಹುದು, ಬೆರಳು ಜೋಪಾನ.

▪️ ಸುತ್ತಲಿನ ಗಾಳಿಗಿಂತ ಕೆಳಗೆ ಇಳಿಸಬೇಕು ಅಂದ್ರೆ ಆಗ ಐಸ್. ಆದ್ರೆ ಕೊಳ್ಳೋ ಮುಂಚೆ ನಿಮ್ಮ ಇಂಟರ್‌ಕೂಲರ್ ಎಲ್ಲಿದೆ ನೋಡ್ಕೊಳ್ಳಿ. ವೋಕ್ಸ್‌ವ್ಯಾಗನ್ 1.0 ಟಿಎಸ್‌ಐ ಎಂಜಿನ್‌ನಲ್ಲಿ ಅದು ನೀರಿನಿಂದ ತಂಪಾಗೋದು, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ. ಬಂಪರ್ ಹಿಂದೆ ಅದನ್ನ ಹುಡುಕಿದ್ರೆ ಸಿಗಲ್ಲ!

ಐಸ್‌ಗೆ ನಿಜವಾದ ಜಾಗ ನೀರಿನ ಇಂಟರ್‌ಕೂಲರ್‌ನ ಟ್ಯಾಂಕು. ಮೇಲಿನ ಅದೇ 225 ಕಿಲೋಜೂಲ್, 10 ಲೀಟರ್ ನೀರನ್ನ ಬರೀ 5 ಡಿಗ್ರಿ ಬಿಸಿ ಮಾಡುತ್ತೆ. 2018ರ ಡಾಡ್ಜ್ ಡೆಮನ್‌ನಲ್ಲಿ ಕಂಪನಿಯವರು ಏಸಿಯ ರೆಫ್ರಿಜರೆಂಟ್‌ನಿಂದಲೇ ಇಂಟರ್‌ಕೂಲರ್ ನೀರು ತಣ್ಣಗೆ ಮಾಡಿದ್ರು. ಅದು ಸೂಪರ್‌ಚಾರ್ಜರ್ ಕಾರು, ಆದ್ರೆ ಪಾಠ ಒಂದೇ.

4/4
ಈಗ ಮುಖ್ಯ ಮಾತು. ಕರಗಿದ ಐಸ್ ಎಲ್ಲಿ ಹೋಗುತ್ತೆ? ಬಂಪರ್ ಕೆಳಗೆ ತೊಟ್ಟಿಕ್ಕುತ್ತೆ. ಅದರ ಮೇಲೆ ನಿಮ್ಮ ಟೈರ್ ಹತ್ತುತ್ತೆ, ಇಲ್ಲಾ ನಿಮ್ಮ ಹಿಂದೆ ಬರೋರ ಟೈರ್ ಹತ್ತುತ್ತೆ. ಲಾಂಚ್‌ನಲ್ಲಿ ಒಂದು ಚಕ್ರ ಹಿಡಿದು ಇನ್ನೊಂದು ಜಾರಿದ್ರೆ ಕಾರು ನೇರ ಹೋಗಲ್ಲ. ಪಕ್ಕದ ಲೇನ್‌ನಲ್ಲಿ ಇನ್ನೊಬ್ಬ ಇದಾನೆ, ಅವನಿಗೂ ಮನೆಯಲ್ಲಿ ಕಾಯೋರು ಇದಾರೆ. ನಿಮ್ಮ ಒಂದು ಹತ್ತನೇ ಸೆಕೆಂಡಿಗೋಸ್ಕರ ಅವನ ಜೀವ ಪಣಕ್ಕಿಡೋ ಹಕ್ಕು ಯಾರು ಕೊಟ್ರು?

ಆದ್ದರಿಂದ ಆಯೋಜಕರು ಇದನ್ನ ನಿಯಮ ಮಾಡ್ಲಿ ಅಂತೀನಿ: ಐಸು, ಒದ್ದೆ ಬಟ್ಟೆ ಎಲ್ಲ ಸಾಲಿನ ಅರ್ಧದಲ್ಲೇ ತೆಗೀಬೇಕು. ಕೆಳಗೆ ಒರೆಸಬೇಕು. ಸ್ಟೇಜ್‌ಗೆ ಬಿಡೋ ಮುಂಚೆ ಒಬ್ಬರು ಬಗ್ಗಿ ನೋಡಬೇಕು, ಹನಿ ಕಂಡ್ರೆ ಸಾಲಿನ ಹಿಂದಕ್ಕೆ ಕಳಿಸಬೇಕು. "ಬರೀ ನೀರು ಗುರು, ಆಯಿಲ್ ಅಲ್ವಲ್ಲ" ಅನ್ನೋ ಸಮಜಾಯಿಷಿ ನಡೀಬಾರದು.

ಯಾವುದನ್ನೂ ನಂಬಬೇಡಿ, ಅಳೀರಿ. ಒಂದು ಓಬಿಡಿ ಡಾಂಗಲ್ ಹಾಕಿ ಇನ್‌ಟೇಕ್ ಗಾಳಿಯ ತಾಪಮಾನ ನೋಡಿ. ಕೆಲವು ಕಾರಲ್ಲಿ ಆ ಸೆನ್ಸರ್ ಟರ್ಬೊಗಿಂತ ಮುಂಚೆ ಇರುತ್ತೆ, ಅದು ಮೊದಲು ಖಾತ್ರಿ ಮಾಡ್ಕೊಳ್ಳಿ. ಒಂದು ರನ್ ಐಸ್ ಇಟ್ಟು, ಒಂದು ರನ್ ಬರೀ ಎಂಜಿನ್ ಆಫ್ ಮಾಡಿ ಫ್ಯಾನ್ ಇಟ್ಟು ಹೊಡೀರಿ. ಎರಡೂ ಅಂಕಿ ಕಾಮೆಂಟ್‌ನಲ್ಲಿ ಹಾಕಿ, ಕಾರು ಯಾವುದು ಅಂತಾನೂ ಬರೀರಿ. ಮೀಟ್‌ಗೆ ನಿಮ್ಮ ಜೊತೆ ಬರೋ ಹುಡುಗರಿಗೆ ಇದನ್ನ ಕಳಿಸಿ, ತಳ್ಳೋರು ಅವರೇ ಅಲ್ವಾ 😄

#ಟರ್ಬೊಮಾತು #ಇಂಟರ್‌ಕೂಲರ್ #ಡ್ರ್ಯಾಗ್‌ರೇಸ್ #ಕನ್ನಡದಲ್ಲಿಕಾರು