ಮರೆತುಹೋದ ಮೂರನೆಯ ಸಾಲು



ಕಳೆದ ಶ್ರಾವಣದಲ್ಲಿ ನಾವು ಬೆಳಗಾವಿಯಿಂದ ಖಾನಾಪುರ ತಾಲೂಕಿನ ಕಕ್ಕೇರಿಗೆ, ಡೋಹರ ಕಕ್ಕಯ್ಯ ಶರಣರ ನೆನಪನ್ನು ಹೊತ್ತ ಊರಿಗೆ, ಹೊರಟಿದ್ದೆವು. ದಾರಿಯುದ್ದಕ್ಕೂ ಮಳೆ. ನಮ್ಮ ಕೈಯಲ್ಲಿದ್ದುದು ಜಪಾನಿನ ಪ್ರಾಚೀನ ಕವಿತೆಗಳ ಕಿರುಹೊತ್ತಗೆ.

ಆ ಜನರ 'ತಂಕಾ' ಎಂಬ ಪದ್ಯಕ್ಕೆ 31 ಉಚ್ಚಾರಮಾತ್ರೆ. ಮುಂದೆ 17ನೆಯ ಶತಮಾನದಲ್ಲಿ ಬಾಷೋ ಕವಿಯಿಂದ ಹಿರಿಮೆ ಪಡೆದ 'ಹಾಯ್ಕು' ಪದ್ಯಕ್ಕೆ ಕೇವಲ 17. ಸುಮಾರು ಕ್ರಿ.ಶ. 905ರ 'ಕೊಕಿನ್‌ಶೂ' ಸಂಕಲನದ 20 ಸಂಪುಟಗಳಲ್ಲಿ 6 ಋತುಗಳಿಗೆ, 5 ಪ್ರೇಮಕ್ಕೆ ಮೀಸಲು. ಉದುರುವ ಹೂವನ್ನು ಮಾತ್ರ ತೋರಿಸಿ ಕವಿ ಸುಮ್ಮನಾಗುತ್ತಾನೆ. ಬಾಳಿನ ಅಸ್ಥಿರತೆಯನ್ನು ಓದುವವನೇ ಅರಿಯಬೇಕು.

ಈ ಮಿತಭಾಷೆ ನಮಗೆ ಹೊಸದೇ? ಅವರ ಮೊದಲ ಮಹಾಸಂಕಲನ 'ಮನ್ಯೋಶೂ' ಕೂಡಿಬಂದುದು 8ನೆಯ ಶತಮಾನದಲ್ಲಿ. ಸರಿಸುಮಾರು ಅದೇ ಕಾಲಕ್ಕೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ನಮ್ಮ ತ್ರಿಪದಿ ಕಲ್ಲಿನಲ್ಲಿ ಮೂಡಿತ್ತು. ಆ ಮೂರು ಸಾಲಿನಲ್ಲೇ ಸರ್ವಜ್ಞ ಲೋಕನೀತಿ ನುಡಿದ. ನಮ್ಮ ಗರತಿಯರು ಬೀಸುಕಲ್ಲಿನ ಮುಂದೆ ತವರು, ತೊಟ್ಟಿಲು, ಅಗಲಿಕೆಗಳನ್ನು ಹಾಡಿದರು.

ಕಕ್ಕೇರಿಯಲ್ಲಿ ನಾವು ಪ್ರಸಾದ ಸ್ವೀಕರಿಸಿದ ಮನೆಯ ಹಿರಿಯ ತಾಯಿಯೊಬ್ಬರನ್ನು ಬೀಸುವ ಪದ ಹೇಳಿರೆಂದು ಬೇಡಿಕೊಂಡೆವು. ತವರಿನ ಪದವೊಂದನ್ನು ಎತ್ತಿಕೊಂಡು ಎರಡು ಸಾಲು ಹಾಡಿದರು, ಎರಡನೆಯದನ್ನು ಮರಳಿ ಹಾಡಿದರು, ಅಲ್ಲಿಗೇ ನಿಂತರು.

"ಗಿರಣಿ ಬಂತು, ಕಲ್ಲು ಮೂಲಿ ಸೇರ್ತು. ಕಡೀ ಸಾಲು ನೆನಪಿಗೇ ಬರವಲ್ದ್ರೀ ಯಪ್ಪಾ" ಎಂದರು.

ಸೊಸೆಗೆ ತಿಳಿಯದು, ಮೊಮ್ಮಗಳು ಕೇಳಿಯೇ ಇಲ್ಲ. ಪದದ ಸಾರವೆಲ್ಲ ಇದ್ದುದು ಆ ಕಡೆಯ ಸಾಲಿನಲ್ಲಿ. ಜಪಾನಿನ ಕವಿ ಹೇಳದೆ ಬಿಟ್ಟುದು ಬೇಕೆಂದೇ; ನಮ್ಮ ತಾಯಿಯ ಪದ ಅರ್ಧಕ್ಕೆ ನಿಂತುದು ಕೇಳುವವರಿಲ್ಲದೆ. ಮರಳುವಾಗ ನಮ್ಮ ಹೊತ್ತಗೆಯನ್ನು ತೆರೆಯಲು ಮನಸ್ಸಾಗಲಿಲ್ಲ.

ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿ ಕೂಡಿಸಿದರು. 1923ರಲ್ಲಿ ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದುದು ಇದೇ ಬೆಳಗಾವಿಯಲ್ಲಿ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಹೊರತಂದರು. ಅವರು ಕೇಳಿದರು, ಬರೆದರು, ಆದುದರಿಂದ ಉಳಿಯಿತು. ಆದರೆ ಪ್ರತಿ ಮನೆಯ ಪದವೂ ಪುಸ್ತಕಕ್ಕೆ ಸೇರಿಲ್ಲ.

ಆದುದರಿಂದ ಬಂಧುಗಳೇ, ಈ ತಿಂಗಳು ಒಂದು ಸಂಜೆ ಪೂಜೆ ಮುಗಿದ ಮೇಲೆ ಮನೆಯ ಅಜ್ಜಿಯ ಬಳಿ ಮಕ್ಕಳನ್ನು ಕೂರಿಸಿರಿ. ಒಂದೇ ಪದವಾದರೂ ಸಾಕು, ಮೂರೂ ಸಾಲು ಬರೆದಿಡಿರಿ.