ಸಮಿಟ್ ಅವರ ಜಾಗಕ್ಕೆ ಬಂದವರು

ಅತ್ತೆ ಸೌಟು ಕೆಳಗಿಟ್ಟ ಮೇಲೆ ಸೊಸೆಯ ಸಾರು ಎಷ್ಟೇ ಚೆನ್ನಾಗಿರಲಿ, ‘ಅಮ್ಮನ ಕೈರುಚಿ ಇಲ್ಲ’ ಅನ್ನುವವರು ಇದ್ದೇ ಇರುತ್ತಾರೆ. ಅಮೆರಿಕದ ಟೆನ್ನೆಸೀ ವಿಶ್ವವಿದ್ಯಾಲಯದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಆದದ್ದೂ ಹೆಚ್ಚು ಕಡಿಮೆ ಇದೇ ನೋಡಿ, ಸೋದರಿಯರೇ.

1974ರಲ್ಲಿ ಪ್ಯಾಟ್ ಸಮಿಟ್ ಅಲ್ಲಿ ಕೋಚ್ ಆದಾಗ ಅವರಿಗಿನ್ನೂ 22 ವರ್ಷ. ಹಸು ಸಾಕುವ ರೈತರ ಮನೆಯ ಮಗಳು. ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಬಟ್ಟೆ ಒಗೆಯುವುದೂ ಅವರೇ, ಪಂದ್ಯಕ್ಕೆ ವ್ಯಾನು ಓಡಿಸುವುದೂ ಅವರೇ! 38 ವರ್ಷಗಳಲ್ಲಿ 1,098 ಪಂದ್ಯ ಗೆದ್ದರು. ತಂಡ ಎಂಟು ಸಲ ರಾಷ್ಟ್ರ ಚಾಂಪಿಯನ್ ಆಯಿತು. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಒಬ್ಬೊಬ್ಬ ಹುಡುಗಿಯೂ ಡಿಗ್ರಿ ಮುಗಿಸಿದಳು. ನನಗಂತೂ ಇದೇ ದೊಡ್ಡ ಗೆಲುವು ಅನ್ನಿಸುತ್ತೆ.

2011ರಲ್ಲಿ, 59ನೇ ವಯಸ್ಸಿಗೇ, ಅವರಿಗೆ ಮರೆವಿನ ಕಾಯಿಲೆ ಅಂತ ತಿಳಿಯಿತು. ಮಾರನೇ ವರ್ಷ ಕೆಲಸ ಬಿಟ್ಟರು. ಆ ಜಾಗಕ್ಕೆ ಬಂದವರು ಹಾಲಿ ವಾರ್ಲಿಕ್. ಸಮಿಟ್ ಅವರ ಹತ್ತಿರವೇ ಆಡಿ ಬೆಳೆದು, 27 ವರ್ಷ ಸಹಾಯಕಿಯಾಗಿ ಪಕ್ಕದಲ್ಲೇ ಕೂತವರು. ಗುರುವಿನ ನೆನಪು ಮಾಸುತ್ತಿರುವುದನ್ನು ನೋಡುತ್ತಲೇ ಅವರ ಕೆಲಸ ಮಾಡಬೇಕು ಅಂದರೆ ಆ ಹೆಂಗಸಿನ ಎದೆ ಹೇಗಿದ್ದಿರಬೇಕು ಹೇಳಿ? 2016ರಲ್ಲಿ ಸಮಿಟ್ ತೀರಿಕೊಂಡರು.

ವಾರ್ಲಿಕ್ ಏನೂ ಸೋತವರಲ್ಲ. ಮೊದಲ ನಾಲ್ಕು ವರ್ಷದಲ್ಲಿ ಮೂರು ಸಲ ತಂಡವನ್ನು ದೇಶದ ಕೊನೆಯ ಎಂಟರೊಳಗೆ ತಂದರು. ಬೇರೆ ಕಾಲೇಜಾಗಿದ್ದರೆ ಹಾರ ಹಾಕುತ್ತಿದ್ದರು. ಇಲ್ಲಿ ಎಂಟು ಕಪ್ ನೋಡಿದ ಕಣ್ಣು! 2019ರಲ್ಲಿ ಅವರನ್ನು ತೆಗೆದರು. ಸಮಿಟ್ ಕಾಲದಲ್ಲಿ ಮೂರು ಸಲ ಚಾಂಪಿಯನ್ ತಂಡದಲ್ಲಿ ಆಡಿದ್ದ ಕೆಲ್ಲಿ ಹಾರ್ಪರ್ ಬಂದರು. ಐದು ವರ್ಷಕ್ಕೆ ಅವರೂ ಹೋದರು.

ಹಾಗಂತ ಮನೆಯವಳನ್ನೇ ಕೂರಿಸಿದ್ದು ತಪ್ಪು ಅನ್ನೋಕಾಗಲ್ಲ. ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಮಫೆಟ್ ಮೆಕ್‌ಗ್ರಾ ನಿವೃತ್ತರಾದಾಗ ಅವರ ಶಿಷ್ಯೆ ನೀಲ್ ಐವಿಯವರೇ ಬಂದರು, ಮೂರನೇ ವರ್ಷಕ್ಕೇ ತಮ್ಮ ಲೀಗಿನಲ್ಲಿ ಮೊದಲ ಸ್ಥಾನ ತಂದುಕೊಟ್ಟರು. ಆದರೆ ಮೆಕ್‌ಗ್ರಾ ತಾವಾಗಿಯೇ ಹೊತ್ತು ನೋಡಿ ಎದ್ದವರು. ಸಮಿಟ್ ಅವರನ್ನು ಕಾಯಿಲೆ ಎಬ್ಬಿಸಿತು.

2024ರಲ್ಲಿ ಟೆನ್ನೆಸೀಯವರು ಸಮಿಟ್ ಬಳಗಕ್ಕೇ ಸೇರದ ಕಿಮ್ ಕಾಲ್ಡ್‌ವೆಲ್ ಅವರನ್ನು ಕರೆತಂದರು. ಆಗಿನ್ನೂ ಅವರು ಮೂವತ್ತೈದರ ಆಸುಪಾಸಿನವರು. 2025ರ ಜನವರಿಯಲ್ಲಿ ಗಂಡು ಮಗು ಹೆತ್ತು, ಒಂದೇ ವಾರಕ್ಕೆ ಮೈದಾನಕ್ಕೆ ಬಂದು ನಿಂತರು. ನಮ್ಮಲ್ಲಾದರೆ ಬಾಣಂತಿಯನ್ನು ಕೋಣೆಯ ಹೊಸಿಲು ದಾಟೋಕೆ ಬಿಡ್ತಿದ್ದರೇ? ಆ ವರ್ಷ ತಂಡ ಕೊನೆಯ ಹದಿನಾರರವರೆಗೆ ಬಂತು.