ಊಟಿ: ವಾಹನಗಳ ಲೆಕ್ಕ ಸಿಕ್ಕಿತು, ನಿಲ್ಲಿಸಲು ಜಾಗ ಸಿಗಲಿಲ್ಲ

ಉದಕಮಂಡಲ: ಮೇ ತಿಂಗಳ ಶನಿವಾರ, ಬೆಳಿಗ್ಗೆ ಹತ್ತು ದಾಟಿದ ಮೇಲೆ ಚೇರಿಂಗ್ ಕ್ರಾಸ್‌ನಿಂದ ಸಸ್ಯೋದ್ಯಾನಕ್ಕೆ ಕಾರಿನಲ್ಲಿ ಹೊರಟವರಿಗಿಂತ ನಡೆದು ಹೊರಟವರೇ ಮೊದಲು ತಲುಪುತ್ತಾರೆ. ಊಟಿಯವರಿಗೆ ಇದು ಹೊಸ ಸುದ್ದಿಯಲ್ಲ. ಹಟ್ಟಿಗಳಿಂದ ಕ್ಯಾರೆಟ್, ಆಲೂಗಡ್ಡೆ ಹೇರಿಕೊಂಡು ಪೇಟೆಗೆ ಇಳಿಯುವ ಬಡಗ ರೈತರಿಗೂ, ಆಸ್ಪತ್ರೆಗೆ ಹೊರಟ ರೋಗಿಗಳಿಗೂ ಸೀಸನ್ ಎಂದರೆ ದಾರಿಯಲ್ಲಿ ಕಾಯುವ ಕಾಲ. 2024ರ ತನಕ ಈ ಗೋಳನ್ನು ಹೇಳಿಕೊಳ್ಳಲು ಜಿಲ್ಲೆಯವರ ಬಳಿ ಸರಿಯಾದ ಲೆಕ್ಕವೂ ಇರಲಿಲ್ಲ. ಈಗ ಲೆಕ್ಕವಿದೆ. ಆದರೆ ಆ ಲೆಕ್ಕ ತೆಗೆದದ್ದು ನಗರಸಭೆಯಲ್ಲ, ಅದರ ಮೇಲೆ ತೀರ್ಮಾನ ಕೈಗೊಂಡದ್ದೂ ನಗರಸಭೆಯಲ್ಲ.

ಮದ್ರಾಸ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಎನ್. ಸತೀಶ್ ಕುಮಾರ್ ಮತ್ತು ಡಿ. ಭರತ ಚಕ್ರವರ್ತಿ ಅವರ ಪೀಠದ ಮುಂದೆ 2024ರ ಏಪ್ರಿಲ್‌ನಲ್ಲಿ ಬಂದ ವರದಿಯ ಪ್ರಕಾರ ಸೀಸನ್ನಿನಲ್ಲಿ ನೀಲಗಿರಿಗೆ ದಿನಕ್ಕೆ ಸುಮಾರು 20 ಸಾವಿರ ವಾಹನಗಳು ಬರುತ್ತವೆ. ಅದರಲ್ಲಿ ಕಾರುಗಳೇ 11 ಸಾವಿರಕ್ಕೂ ಹೆಚ್ಚು. ಇದನ್ನು ನೋಡಿ ದಂಗಾದ ಪೀಠ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕನಾಲಿಗೂ ಇ-ಪಾಸ್ ಕಡ್ಡಾಯ ಮಾಡಿತು. ಬೆಟ್ಟಗಳು ಎಷ್ಟು ವಾಹನ ತಾಳಬಲ್ಲವು ಎಂದು ಅಳೆಯುವ ಕೆಲಸ ಮದ್ರಾಸಿನ ಐಐಟಿಗೂ ಬೆಂಗಳೂರಿನ ಐಐಎಂಗೂ ಹೋಯಿತು. ಮುಂದಿನ ವರ್ಷ, 2025ರ ಮಾರ್ಚ್‌ನಲ್ಲಿ, ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳಿಗೆ ಮಾತ್ರ ಪಾಸ್ ಎಂದಿತು. ಸ್ಥಳೀಯ ವಾಹನ, ಸರಕಾರಿ ಬಸ್ಸು, ಕೃಷಿ ಸರಕಿನ ಲಾರಿಗಳಿಗೆ ವಿನಾಯಿತಿ ಕೊಟ್ಟಿತು. ಆದೇಶ ಜಾರಿಯಾದ ಮರುದಿನ, ಏಪ್ರಿಲ್ 2ರಂದು, ವ್ಯಾಪಾರಸ್ಥರು ಜಿಲ್ಲಾ ಬಂದ್ ನಡೆಸಿದರು. ಮೂರು ತಿಂಗಳ ಗಳಿಕೆಯಲ್ಲಿ ವರ್ಷ ಕಳೆಯುವ ಲಾಡ್ಜ್, ಹೋಟೆಲ್, ಚಾಕೊಲೇಟ್ ಅಂಗಡಿಯವರ ಆತಂಕ ಸುಳ್ಳಲ್ಲ.

ಇ-ಪಾಸ್ ಬೇಕೋ ಬೇಡವೋ ಎಂಬ ಜಗಳದಲ್ಲಿ ಮುಖ್ಯ ಪ್ರಶ್ನೆ ಬದಿಗೆ ಸರಿದಿದೆ. ಪಾಸ್ ಎಣಿಸುವುದು ಚೆಕ್‌ಪೋಸ್ಟಿನಲ್ಲಿ ಒಳಗೆ ಬರುವ ವಾಹನಗಳನ್ನು. ಊಟಿಯ ಕಷ್ಟ ಇರುವುದು ಬಂದ ವಾಹನ ಎಲ್ಲಿ, ಎಷ್ಟು ಹೊತ್ತು, ಯಾವ ದರಕ್ಕೆ ನಿಲ್ಲುತ್ತದೆ ಎಂಬಲ್ಲಿ. ಇದು ಹೈಕೋರ್ಟಿನ ಕೆಲಸವಲ್ಲ, ಊರಿನ ನಗರಸಭೆಯ ಕೆಲಸ. ಅದನ್ನು ಮಾಡಲು ನಗರಸಭೆಯ ಬಳಿ ಜಾಗವೂ ಕಡಿಮೆ, ದುಡ್ಡೂ ಕಡಿಮೆ.

ಜಾಗದ ಲೆಕ್ಕ ಮೊದಲು ನೋಡಬೇಕು. ಒಂದು ಕಾರು ನಿಲ್ಲಲು, ತಿರುಗಲು, ಹೊರಬರಲು ಸೇರಿ ಕನಿಷ್ಠ 25 ಚದರ ಮೀಟರ್ ಬೇಕು. 11,500 ಕಾರುಗಳು ಒಟ್ಟಿಗೇ ನಿಂತರೆ ಬೇಕಾಗುವುದು ಸುಮಾರು 71 ಎಕರೆ ಸಮತಟ್ಟು ನೆಲ. ಪೇಟೆಯ ನಡುವಿನ ಕುದುರೆ ರೇಸ್ ಮೈದಾನ ಪೂರ್ತಿ ಸೇರಿದರೂ 52 ಎಕರೆ. ಎಲ್ಲ ಕಾರುಗಳೂ ಊಟಿಗೇ ಬರುವುದಿಲ್ಲ, ಕೂನೂರು, ಕೋತಗಿರಿ, ಗುಡಲೂರಿಗೂ ಹಂಚಿಹೋಗುತ್ತವೆ ಎಂಬುದು ನಿಜ. ಅರ್ಧ ಎಂದುಕೊಂಡರೂ 35 ಎಕರೆ ಬೇಕು. 2011ರ ಜನಗಣತಿಯಲ್ಲಿ 88,430 ಜನರಿದ್ದ, ಇಳಿಜಾರಿನಲ್ಲೇ ಕಟ್ಟಿಕೊಂಡ ಊರಿನಲ್ಲಿ ಅಷ್ಟು ನೆಲ ಎಲ್ಲಿಂದ ಬರಬೇಕು? 1820ರ ದಶಕದಲ್ಲಿ ಜಾನ್ ಸಲಿವನ್ ಕಲ್ಲು ಬಂಗಲೆ ಕಟ್ಟಿ ಕೆರೆ ತೋಡಿಸಿದಾಗ ಇಲ್ಲಿಗೆ ಬರುವವರು ಕುದುರೆಯ ಮೇಲೆ, ಡೋಲಿಯಲ್ಲಿ ಬರುತ್ತಿದ್ದರು. ಬೀದಿಗಳ ಅಗಲ ಇಂದಿಗೂ ಆ ಕಾಲವನ್ನೇ ನೆನಪಿಸುತ್ತದೆ.

ದಿನದ ಒಟ್ಟು ಸಂಖ್ಯೆಗಿಂತ ಅವು ಬರುವ ಹೊತ್ತು ಹೆಚ್ಚು ತೊಂದರೆ ಕೊಡುತ್ತದೆ. ಕರ್ನಾಟಕದ ವಾಹನಗಳನ್ನೇ ನೋಡಿ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಹುಲಿ, ಆನೆಗಳ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಅದರ ಪರಿಣಾಮ ಊಟಿಯ ಬೀದಿಯಲ್ಲಿ ಕಾಣುತ್ತದೆ. ಗೇಟು ತೆರೆಯುವುದನ್ನೇ ಕಾದು ಮೈಸೂರು, ಬೆಂಗಳೂರು ಕಡೆಯ ಕಾರುಗಳು ಒಂದೇ ಸಾಲಾಗಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ದಾಟುತ್ತವೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪೇಟೆಗೆ ನುಗ್ಗುತ್ತವೆ. ಅದೇ ದಿನ ಹಿಂದಿರುಗುವವರು ರಾತ್ರಿ 9ರೊಳಗೆ ಗೇಟು ಸೇರಬೇಕಾದ್ದರಿಂದ ಸಂಜೆ ಒಟ್ಟಿಗೇ ಹೊರಡುತ್ತಾರೆ. ನಡುವಿನ ಏಳೆಂಟು ಗಂಟೆ ಸಸ್ಯೋದ್ಯಾನ, ಬೋಟ್‌ಹೌಸ್, ಕಮರ್ಷಿಯಲ್ ರಸ್ತೆ ಎಲ್ಲವೂ ಭರ್ತಿ. ದಿನಕ್ಕೆ 8,000 ಎಂಬ ಮಿತಿ ಈ ಏಳೆಂಟು ಗಂಟೆಯನ್ನು ಮುಟ್ಟುವುದೇ ಇಲ್ಲ. ಮುಟ್ಟಬಲ್ಲದ್ದು ಗಂಟೆಯ ಲೆಕ್ಕದ ನಿಲುಗಡೆ ದರ. ಪೂರ್ತಿ ದಿನಕ್ಕೆ ಒಂದೇ ಚೀಟಿ ಕೊಟ್ಟರೆ ಬೆಳಿಗ್ಗೆ ಸಿಕ್ಕ ಜಾಗವನ್ನು ಸಂಜೆಯವರೆಗೂ ಯಾರೂ ಬಿಡುವುದಿಲ್ಲ.

ಇನ್ನು ದುಡ್ಡಿನ ವಿಷಯ. ಪ್ರವಾಸಿ ಊಟಿಯಲ್ಲಿ ಎಲ್ಲೆಲ್ಲಿ ದುಡ್ಡು ಕೊಡುತ್ತಾನೆ ಎಂದು ಒಂದು ದಿನ ಅವನ ಹಿಂದೆಯೇ ಹೋದರೆ ಚಿತ್ರ ಸ್ಪಷ್ಟವಾಗುತ್ತದೆ. ಸಸ್ಯೋದ್ಯಾನ ಮತ್ತು ಗುಲಾಬಿ ತೋಟದ ಟಿಕೆಟ್ ಹಣ ತೋಟಗಾರಿಕೆ ಇಲಾಖೆಗೆ. ಬೋಟ್‌ಹೌಸ್‌ನದು ರಾಜ್ಯ ಪ್ರವಾಸೋದ್ಯಮ ನಿಗಮಕ್ಕೆ. ಬೆಟ್ಟದ ರೈಲಿನದು ರೈಲ್ವೆಗೆ. ಫರ್ನ್‌ಹಿಲ್‌ನಲ್ಲಿರುವ ಕರ್ನಾಟಕ ಸಿರಿ ಉದ್ಯಾನವನಕ್ಕೆ ಹೋದರೆ ಆ ಹಣ ಕರ್ನಾಟಕದ ತೋಟಗಾರಿಕೆ ಇಲಾಖೆಗೆ. ಲಾಡ್ಜ್ ಬಾಡಿಗೆಯ ಮೇಲೆ ಮೊದಲು ರಾಜ್ಯದ ಐಷಾರಾಮಿ ತೆರಿಗೆ ಇತ್ತು, 2017ರಲ್ಲಿ ಅದು ಜಿಎಸ್‌ಟಿಯಲ್ಲಿ ಸೇರಿಹೋಯಿತು. ಅದರ ಪಾಲು ಚೆನ್ನೈಗೂ ದಿಲ್ಲಿಗೂ ಹೋಗುತ್ತದೆ. ಇ-ಪಾಸ್‌ಗೆ ಶುಲ್ಕವಿಲ್ಲ. ಪ್ರವಾಸಿ ಬಿಟ್ಟುಹೋದ ಕಸ, ಚರಂಡಿ, ಶೌಚಾಲಯ, ಬೀದಿ ದೀಪ, ಕುಡಿಯುವ ನೀರು ಮಾತ್ರ ನಗರಸಭೆಯ ಪಾಲಿಗೆ. ಅದರ ಸ್ವಂತ ಆದಾಯ ಎಂದರೆ ಆಸ್ತಿ ತೆರಿಗೆ, ವೃತ್ತಿ ತೆರಿಗೆ, ನೀರಿನ ಕಂದಾಯ, ಮಾರುಕಟ್ಟೆ ಬಾಡಿಗೆ ಮತ್ತು ನಿಲುಗಡೆ ಶುಲ್ಕ. ಹೆಚ್ಚಿನ ಭಾಗ ಕೊಡುವವರು ಊರಿನವರೇ. 2022ರ ಏಪ್ರಿಲ್‌ನಲ್ಲಿ ತಮಿಳುನಾಡು ಸರಕಾರ ಆಸ್ತಿ ತೆರಿಗೆ ಏರಿಸಿದಾಗ 600 ಚದರಡಿಯ ಒಳಗಿನ ಮನೆಗೂ ಶೇಕಡಾ 25 ಹೆಚ್ಚಾಯಿತು. ಕಾರು ತಂದು ರಸ್ತೆ ಬದಿ ನಿಲ್ಲಿಸಿ ಹೋಗುವವನ ಖರ್ಚನ್ನು ಕಾಂದಲ್‌ನ ಕೂಲಿಕಾರನ ಮನೆ ಕಂದಾಯ ಹೊರಬೇಕಾಗಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಮಾರುಕಟ್ಟೆ ಬಾಡಿಗೆಯ ಕಥೆ ಬೇರೆಯೇ ಇದೆ. ನಗರಸಭೆ ಮಾರುಕಟ್ಟೆಯ ಅಂಗಡಿಗಳ ಬಾಡಿಗೆ ಪರಿಷ್ಕರಿಸಿದಾಗ ವ್ಯಾಪಾರಸ್ಥರು ವಿಪರೀತವಾಯಿತೆಂದು ಕೊಡಲೊಪ್ಪಲಿಲ್ಲ. ಬಾಕಿ ಹಲವು ಕೋಟಿ ಬೆಳೆಯಿತು. 2021ರ ಆಗಸ್ಟ್‌ನಲ್ಲಿ ನೂರಾರು ಅಂಗಡಿಗಳಿಗೆ ಬೀಗ ಬಿತ್ತು. ಇದೆಲ್ಲ ನಡೆದಾಗ ಊಟಿಯಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ನಗರ ಸಂಸ್ಥೆಗಳ ಅವಧಿ ಮುಗಿದ ಮೇಲೆ 2022ರ ಫೆಬ್ರವರಿ 19ರ ತನಕ ಚುನಾವಣೆ ನಡೆಯಲಿಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳೇ ದರ ನಿಗದಿ ಮಾಡಿದರು, ಅಧಿಕಾರಿಗಳೇ ಬೀಗ ಹಾಕಿದರು. ವಾರ್ಡಿನ ಸದಸ್ಯನ ಮನೆ ಬಾಗಿಲಿಗೆ ಹೋಗಿ ಕೇಳುವ ದಾರಿಯಿದ್ದಿದ್ದರೆ ಸಂಗತಿ ಅಷ್ಟು ಹದಗೆಡುತ್ತಿತ್ತೇ ಎಂದು ಹಳೆಯ ವ್ಯಾಪಾರಸ್ಥರು ಕೇಳಿದರೆ ತಪ್ಪೆನ್ನಲಾಗದು. ನಿಲುಗಡೆ ಶುಲ್ಕ ಏರಿಸುವ ಮಾತೆತ್ತಿದಾಗಲೂ ಊರಿನಲ್ಲಿ ಏಳುವ ಅನುಮಾನದ ಬೇರು ಇಲ್ಲಿದೆ.

ಹಳೆಯ ಮಾರುಕಟ್ಟೆಯನ್ನು ಹಂತ ಹಂತವಾಗಿ ಕೆಡವಿ ಕೆಳಗೆ ವಾಹನ ನಿಲುಗಡೆ, ಮೇಲೆ ಅಂಗಡಿ ಇರುವ ಕಟ್ಟಡ ಕಟ್ಟುವ ಯೋಜನೆಯನ್ನು ಸರಕಾರ ಕೈಗೆತ್ತಿಕೊಂಡಿತು. ವೆಚ್ಚ 30 ಕೋಟಿ ರೂಪಾಯಿಗೂ ಮೀರಿದ್ದು. ಮಾರುಕಟ್ಟೆಗೆ ಹೊಸ ಕಟ್ಟಡ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಹುಮಹಡಿ ನಿಲುಗಡೆಯೇ ಊಟಿಗೆ ಮದ್ದು ಎಂಬ ನಂಬಿಕೆಯನ್ನು ಸ್ವಲ್ಪ ತೂಗಿ ನೋಡಬೇಕು. ಉದಾಹರಣೆಗೆ 1,000 ಕಾರು ಹಿಡಿಯುವ ಕಟ್ಟಡ ಎಂದುಕೊಳ್ಳಿ. ಪ್ರತಿ ಜಾಗವೂ ದಿನಕ್ಕೆ ಎರಡು ಸಲ ತುಂಬಿ, ಸಲಕ್ಕೆ 50 ರೂಪಾಯಿ ಬಂದರೆ ದಿನಕ್ಕೆ 1 ಲಕ್ಷ, 90 ದಿನದ ಸೀಸನ್ನಿಗೆ 90 ಲಕ್ಷ. 30 ಕೋಟಿ ಸಾಲ ತಂದು ಕಟ್ಟಿದ್ದರೆ ಬಡ್ಡಿ ಇಲ್ಲದೆಯೇ ಅಸಲು ತೀರಲು 33 ವರ್ಷ. ಮಳೆಗಾಲದಲ್ಲಿ ಅರ್ಧ ಖಾಲಿ ಬಿದ್ದಿರುವ ಕಟ್ಟಡಕ್ಕೂ ಕಾವಲು, ದೀಪ, ರಿಪೇರಿ ಬೇಕು. ಸರಕಾರ ಅನುದಾನ ಕೊಟ್ಟರೆ ನಗರಸಭೆ ಬಚಾವ್, ಆದರೆ ಆ ಅನುದಾನವೂ ಜನರ ದುಡ್ಡೇ. ಬೆಟ್ಟ ಪ್ರದೇಶದ ಕಟ್ಟಡ ನಿಯಮಗಳು ಎತ್ತರಕ್ಕೆ ಕಡಿವಾಣ ಹಾಕಿರುವುದು ಬೇರೆ. ಸ್ವಂತ ಜಾಗದಲ್ಲಿ ಎರಡು ಅಂತಸ್ತು ಕಟ್ಟಲು ವರ್ಷಗಟ್ಟಲೆ ಅಲೆಯುವ ಸ್ಥಳೀಯನಿಗೆ, ಕಾರುಗಳಿಗಾಗಿ ಮಹಡಿ ಮೇಲೆ ಮಹಡಿ ಏಳುವುದನ್ನು ನೋಡಿದರೆ ಏನನಿಸೀತು?

ರೇಸ್ ಮೈದಾನದ ಮೇಲೂ ಹಲವರ ಕಣ್ಣಿದೆ. 1978ರಲ್ಲೇ ಗುತ್ತಿಗೆ ಮುಗಿದಿದ್ದ ಆ ನೆಲವನ್ನು 822 ಕೋಟಿ ರೂಪಾಯಿ ಬಾಕಿಯ ಕಾರಣಕ್ಕೆ ಕಂದಾಯ ಇಲಾಖೆ 2024ರ ಜೂನ್‌ನಲ್ಲಿ ಮದ್ರಾಸ್ ರೇಸ್ ಕ್ಲಬ್‌ನಿಂದ ವಾಪಸು ಪಡೆಯಿತು. ಬಳಿಕ ಅದು ಪರಿಸರ ಉದ್ಯಾನಕ್ಕೆಂದು ತೋಟಗಾರಿಕೆ ಇಲಾಖೆಯ ಕೈಗೆ ಹೋಯಿತು. ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡಕ್ಕೂ ಅಂಟಿಕೊಂಡ ಇಂಥ ಸಮತಟ್ಟು ಜಾಗ ಪೇಟೆಯಲ್ಲಿ ಇನ್ನೊಂದಿಲ್ಲ. ಒಂದು ಭಾಗವನ್ನಾದರೂ ಕಾರುಗಳಿಗೆ ಬಿಡಿ ಎಂಬ ಮಾತು ಸಹಜವಾಗಿಯೇ ಕಿವಿಗೆ ಹಿತ. ಆದರೆ ತಗ್ಗಿನಲ್ಲಿ ನೀರು ಇಂಗುವ ನೆಲಕ್ಕೆ ಡಾಂಬರು ಹಾಸಿದರೆ ಮಳೆಗಾಲದಲ್ಲಿ ಆ ನೀರು ಸುತ್ತಲಿನ ಪೇಟೆಗೇ ಹರಿಯುತ್ತದೆ. ಊರ ನಡುವೆ ಜಾಗ ಕೊಟ್ಟಷ್ಟೂ ಕಾರು ಊರ ನಡುವಿಗೇ ಬರುತ್ತದೆ ಎಂಬುದೂ ಇದೆ.

ಊರ ಹೊರಗೆ ನಿಲ್ಲಿಸಿ ಬಸ್ಸಿನಲ್ಲಿ ಒಳಗೆ ಬರುವ ಏರ್ಪಾಡು ಊಟಿಗೆ ಹೊಸದಲ್ಲ. ಸೀಸನ್ನಿನ ದಟ್ಟಣೆಯ ದಿನಗಳಲ್ಲಿ ಗುಡಲೂರು ಕಡೆಯಿಂದ ಬಂದ ವಾಹನಗಳನ್ನು ಮುಚ್ಚಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಬಳಿ, ಕೂನೂರು ಕಡೆಯವನ್ನು ಆವಿನ್ ಮೈದಾನದ ಬಳಿ ತಡೆದು ಸುತ್ತು ಬಸ್ಸಿನಲ್ಲಿ ಕಳಿಸುವ ಪದ್ಧತಿಯಿದೆ. ಪೊಲೀಸರ ತುರ್ತು ಕ್ರಮವಾಗಿ ನಡೆಯುವ ಇದನ್ನು ವಾರಾಂತ್ಯದ ಖಾಯಂ ವ್ಯವಸ್ಥೆ ಮಾಡಿ, ನಿಲುಗಡೆ ಚೀಟಿಯಲ್ಲೇ ಬಸ್ ಟಿಕೆಟ್ ಸೇರಿಸಿದರೆ ಖರ್ಚು ಬಹುಮಹಡಿಯ ಹತ್ತಿರವೂ ಹೋಗದು. ಇದರ ತುರ್ತಿಗೆ ಇನ್ನೊಂದು ಕಾರಣ 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ 700 ಹಾಸಿಗೆಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅದೂ ಇದೇ ಕಾರ್ಖಾನೆಯ ಕಡೆ, ಮೈಸೂರಿನ ಕಾರುಗಳು ಪೇಟೆ ಸೇರುವ ದಿಕ್ಕಿನಲ್ಲೇ ಇದೆ. ಕುಂದೆ ಕಡೆಯ ಹಟ್ಟಿಯಿಂದ ಹೆರಿಗೆ ನೋವಿನ ಹೆಂಗಸನ್ನು ಕರೆತರುವ ಆಂಬುಲೆನ್ಸಿಗೆ ದಾರಿ ಬಿಡಬೇಕಾದರೆ ನಿಲುಗಡೆ ಎಲ್ಲಿರಬೇಕು, ಸಾಲು ಎಲ್ಲಿಂದ ತಿರುಗಬೇಕು ಎಂಬುದನ್ನು ನಕ್ಷೆ ಹಾಸಿಕೊಂಡು ನಿರ್ಧರಿಸಬೇಕು. ಆಯಾ ದಿನದ ಪೊಲೀಸ್ ಪೇದೆಯ ಕೈಸನ್ನೆಗೆ ಬಿಡುವ ವಿಷಯ ಇದಲ್ಲ.

ಬೇರೆಡೆ ದಾರಿ ಕಂಡುಕೊಂಡವರಿದ್ದಾರೆ. ಮುಂಬಯಿ ಬಳಿಯ ಮಾಥೇರಾನ್‌ನಲ್ಲಿ ಪ್ರವಾಸಿಗಳ ಕಾರು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದೆ ನಡಿಗೆ, ಕುದುರೆ, ಪುಟ್ಟ ರೈಲು. ಊರಿಗೆ ಬರುವ ಪ್ರತಿಯೊಬ್ಬ ಪ್ರವಾಸಿಯಿಂದ ಅಲ್ಲಿನ ನಗರ ಪರಿಷತ್ತೇ ತಲೆಗಿಷ್ಟು ಎಂದು ತೆರಿಗೆ ವಸೂಲು ಮಾಡುತ್ತದೆ. ಊಟಿ ಮಾಥೇರಾನ್ ಆಗಲಾರದು, ಇದು ಜಿಲ್ಲಾ ಕೇಂದ್ರ. ಆದರೆ ದುಡ್ಡು ಊರಿನ ಸಂಸ್ಥೆಗೇ ಸೇರುವ ಕ್ರಮ ಗಮನಿಸತಕ್ಕದ್ದು. ಅಮೆರಿಕದ ಪ್ಯಾಸಡೀನಾ ನಗರದ ಹಳೆ ಪೇಟೆಯಲ್ಲಿ 1993ರಲ್ಲಿ ನಿಲುಗಡೆ ಮೀಟರು ಹಾಕುವಾಗ ಅಂಗಡಿಯವರು ಮೊದಲು ವಿರೋಧಿಸಿದರು. ಬಂದ ಹಣವನ್ನು ಅದೇ ಬೀದಿಯ ಕಾಲುದಾರಿ, ದೀಪ, ಸ್ವಚ್ಛತೆಗೇ ಖರ್ಚು ಮಾಡುತ್ತೇವೆಂದು ನಗರಾಡಳಿತ ಮಾತು ಕೊಟ್ಟ ಮೇಲೆ ಅವರೇ ಒಪ್ಪಿದರು. ನಿಲುಗಡೆಯ ಅರ್ಥಶಾಸ್ತ್ರವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ, 2025ರಲ್ಲಿ ತೀರಿಕೊಂಡ ಡೊನಾಲ್ಡ್ ಶೂಪ್ ಈ ಬೀದಿಯನ್ನು ಮತ್ತೆ ಮತ್ತೆ ಉದಾಹರಿಸುತ್ತಿದ್ದರು.

ತಮಿಳುನಾಡಿನ ನಗರಸಭೆಗಳಲ್ಲಿ ನಿಲುಗಡೆ ಶುಲ್ಕವನ್ನು ಹರಾಜಿನಲ್ಲಿ ಗುತ್ತಿಗೆದಾರನಿಗೆ ವಹಿಸುವುದು ರೂಢಿ. ಒಂದು ಮೊತ್ತ ಕೈಗೆ ಬಂದರೆ ನಗರಸಭೆಯ ಚಿಂತೆ ಕಳೆಯಿತು. ಗುತ್ತಿಗೆದಾರನಿಗೆ ಎಷ್ಟು ಕಾರು ಬಂತು, ಯಾವ ಗಂಟೆಯಲ್ಲಿ ಬಂತು ಎಂಬ ಲೆಕ್ಕ ಇಡುವ ಜರೂರಿಲ್ಲ. ಜಾಗ ತುಂಬಿದ ಮೇಲೂ ಇನ್ನೆರಡು ಕಾರು ತುರುಕುವುದರಲ್ಲೇ ಅವನ ಲಾಭ. ಹೈಕೋರ್ಟು ಇ-ಪಾಸ್ ಮೂಲಕ ಜಿಲ್ಲೆಯ ಗಡಿಯಲ್ಲಿ ಪಡೆದ ಲೆಕ್ಕ ಪೇಟೆಯೊಳಗೆ ಇಲ್ಲದೆ ಹೋಗಲು ಇಂಥ ಪದ್ಧತಿಯೂ ಕಾರಣ.

ಇದನ್ನು ಬದಲಿಸಲು ಕೋರ್ಟಿನ ಆದೇಶ ಬೇಕಿಲ್ಲ, ಕೋಟಿಗಟ್ಟಲೆ ಅನುದಾನವೂ ಬೇಕಿಲ್ಲ. ಪೇಟೆಯ ನಡುವೆ ಗಂಟೆಯ ದರ, ಹೊರಗಿನ ಮೈದಾನದಲ್ಲಿ ಬಸ್ ಟಿಕೆಟ್ ಸೇರಿದ ಕಡಿಮೆ ದರ, ಟಿಎನ್ 43 ನೋಂದಣಿಯ ವಾಹನಕ್ಕೆ ಮೊದಲ ಒಂದೆರಡು ಗಂಟೆ ರಿಯಾಯಿತಿ, ಬಂದ ಹಣಕ್ಕೆ ಪ್ರತ್ಯೇಕ ಖಾತೆ. ಸಭೆಯಲ್ಲಿ ಠರಾವು ಮಾಡಿ ಸರಕಾರದ ಮಂಜೂರಾತಿ ಕೇಳಬಹುದಾದ ವಿಷಯಗಳಿವು. ಆ ಖಾತೆಯಿಂದ ಮಾರುಕಟ್ಟೆಯ ಬದಿಯ ಶೌಚಾಲಯವೋ ಕಮರ್ಷಿಯಲ್ ರಸ್ತೆಯ ಕಾಲುದಾರಿಯೋ ಮೊದಲ ವರ್ಷವೇ ರಿಪೇರಿಯಾಗಿ ಕಣ್ಣಿಗೆ ಬಿದ್ದರೆ, ಏಪ್ರಿಲ್ 2ರಂದು ಬಾಗಿಲು ಮುಚ್ಚಿ ಪ್ರತಿಭಟಿಸಿದ ಅಂಗಡಿಯವರೂ ಶುಲ್ಕದ ಬಗ್ಗೆ ಕೂತು ಮಾತಾಡಬಹುದು. ಸದ್ಯಕ್ಕೆ ಅವರಿಗೆ ಗೊತ್ತಿರುವುದು ಬಾಡಿಗೆ ಏರಿದ್ದು ಮತ್ತು ಬೀಗ ಬಿದ್ದದ್ದು ಮಾತ್ರ.